ಆಲ್ಬಕೋರ್ ಟ್ಯೂನಾ

ಆಲ್ಬಕೋರ್ (ಥುನ್ನಸ್ ಅಲಲುಂಗ) ಉಷ್ಣ ಹಾಗೂ ಸಮಶೀತೋಷ್ಣ ಸಾಗರಗಳ ಮೀನು. ಎರಡನೆಯ ಬೆನ್ನುರೆಕ್ಕೆಯನ್ನೂ ದಾಟಿ ಚಾಚುವ ನೀಳವಾದ ಎದೆಯ ಈಜುರೆಕ್ಕೆಗಳು ಇದರ ಗುರುತು. ಕಿವಿರುಗಳ ಮೇಲೆ ನೀರು ಹರಿದರಷ್ಟೇ ಉಸಿರು. ಹಾಗಾಗಿ ಬದುಕಿರುವಷ್ಟು ಕಾಲ ಈಜುತ್ತಲೇ ಇರಬೇಕು. ಈಜುವ ಸ್ನಾಯುಗಳಲ್ಲಿ ಹುಟ್ಟುವ ಶಾಖವನ್ನು ರಕ್ತನಾಳಗಳ ದಟ್ಟ ಜಾಲವೊಂದು ಹೊರಹೋಗದಂತೆ ತಡೆಯುತ್ತದೆ. ತಣ್ಣೀರಿನಲ್ಲೂ ವೇಗವಾಗಿ ಬೇಟೆಯಾಡಲು ಸಾಧ್ಯವಾಗುವುದು ಈ ಅದ್ಭುತ ವ್ಯವಸ್ಥೆಯಿಂದ.

ಉತ್ತರ ಪೆಸಿಫಿಕ್‌ನ ಸಂತತಿ ಸಾಗರದ ಪಶ್ಚಿಮ ಹಾಗೂ ಮಧ್ಯಭಾಗದ ಬೆಚ್ಚನೆಯ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಎಳೆಯ ಮೀನುಗಳಲ್ಲಿ ಹಲವು ಜಪಾನ್ ಕಡೆಯಿಂದ ಅಮೆರಿಕದ ಆರೆಗನ್, ವಾಷಿಂಗ್ಟನ್ ತೀರಗಳವರೆಗೆ ಸಾಗುತ್ತವೆ. ಪ್ರಾಯಕ್ಕೆ ಬರಲು ಸುಮಾರು 5 ವರ್ಷ ಬೇಕು.

ಮೀನುಗಾರಿಕೆಯ ಸುಸ್ಥಿರತೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಗಳುವಿನ ಗಾಳ, ದೋಣಿಯ ಹಿಂದೆ ಎಳೆಯುವ ಗಾಳಗಳಿಗೆ ಸಿಗುವುದು ಮೇಲ್ನೀರಿನ 2ರಿಂದ 4 ವರ್ಷದ ಮೀನು, ಅಂದರೆ ಹೆಚ್ಚಾಗಿ ಇನ್ನೂ ಮೊಟ್ಟೆಯಿಡದವು. ಆಳಕ್ಕೆ ಇಳಿಬಿಡುವ ಲಾಂಗ್‌ಲೈನ್ ಗಾಳಕ್ಕೆ ಬಲಿತವು. ಹೀಗೆ ಒಂದೇ ಸಂತತಿಯ ಮೇಲೆ ಎರಡು ವಯಸ್ಸಿನಲ್ಲಿ ಒತ್ತಡ ಬೀಳುತ್ತದೆ. ಆದರೂ ಇತ್ತೀಚಿನ ಮೌಲ್ಯಮಾಪನಗಳ ಪ್ರಕಾರ ಈ ಸಂತತಿ ಕ್ಷೀಣಿಸಿಲ್ಲ, ಹಿಡಿಯುವಿಕೆಯೂ ಮಿತಿ ಮೀರಿಲ್ಲ. ಒಂದೊಂದಾಗಿ ಹಿಡಿಯುವ ಗಾಳದಲ್ಲಿ ಬೇರೆ ಜೀವಿಗಳು ಸಿಕ್ಕಿಬೀಳುವುದು ಕಡಿಮೆ ಎಂಬುದು ಆ ವಿಧಾನದ ದೊಡ್ಡ ಗುಣ. ಈ ಮೀನುಗಾರಿಕೆಯ ಕುರಿತು ಅಮೆರಿಕ ಮತ್ತು ಕೆನಡಾ 1981ರಲ್ಲಿ ಆಲ್ಬಕೋರ್ ಒಪ್ಪಂದ ಮಾಡಿಕೊಂಡವು. ಮೆಡಿಟರೇನಿಯನ್ ಸಂತತಿಯ ಸ್ಥಿತಿ ಇಷ್ಟು ಸಮಾಧಾನಕರವಲ್ಲ. ಅದರ ಚೇತರಿಕೆಗೆ ಪ್ರತ್ಯೇಕ ಯೋಜನೆಯನ್ನೇ ರೂಪಿಸಬೇಕಾಯಿತು.