ಹೊದಿಕೆಯ ಬಾಡಿಗೆಯಲ್ಲಿ ಮುತ್ತಜ್ಜನ ಸುಳಿವು

ಸತ್ತವರ ಹೆಸರು ತಿಳಿಯಲು ಬಟ್ಟೆಯ ಬಾಡಿಗೆ ಲೆಕ್ಕ ನೋಡಬೇಕೆಂದರೆ ಯಾರಿಗಾದರೂ ವಿಚಿತ್ರವೆನಿಸೀತು. ಆದರೆ ಸ್ಕಾಟ್ಲೆಂಡಿನಲ್ಲಿ ತಮ್ಮ ವಂಶದ ಬೇರು ಅರಸುವವರು ಮಾಡಬೇಕಾದದ್ದು ಎಷ್ಟೋ ವೇಳೆ ಇದನ್ನೇ.

ಅಲ್ಲಿ ಜನನ, ವಿವಾಹ, ಮರಣಗಳ ಕಡ್ಡಾಯ ಸರ್ಕಾರಿ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನವರನ್ನು ಹುಡುಕಲು ಚರ್ಚ್ ಆಫ್ ಸ್ಕಾಟ್ಲೆಂಡಿನ ಹಳೆಯ ಪ್ಯಾರಿಷ್ ದಾಖಲೆಗಳೇ ಮುಖ್ಯ ಆಧಾರ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಉಳಿದು ಬಂದಿರುವ ದಾಖಲೆಗಳಲ್ಲಿ ಅತ್ಯಂತ ಹಳೆಯದು ಪರ್ತ್‌ಶೈರಿನ ಎರಲ್ ಎಂಬ ಊರಿನದು. ಅದು 1553ರಿಂದ ಆರಂಭವಾಗುತ್ತದೆ.

ದೀಕ್ಷಾಸ್ನಾನ, ಮದುವೆಗಳ ವಿವರ ತಕ್ಕಮಟ್ಟಿಗೆ ಸಿಗುತ್ತದೆ. ಸಮಾಧಿಯ ವಿವರ ಮಾತ್ರ ವಿರಳ. ಅನೇಕ ಪ್ಯಾರಿಷ್‌ಗಳಲ್ಲಿ ಅದನ್ನು ಬರೆದಿಡುವ ಪರಿಪಾಠವೇ ಇರಲಿಲ್ಲ. ಇದ್ದ ಕಡೆಯೂ ಹಲವೆಡೆ ದಾಖಲಾದದ್ದು ಸಾವಲ್ಲ, ಹಣ! ಶವಪೆಟ್ಟಿಗೆಯ ಮೇಲೆ ಹೊದಿಸುವ 'ಮಾರ್ಟ್‌ಕ್ಲಾತ್' ಎಂಬ ಬಟ್ಟೆಯನ್ನು ಚರ್ಚಿನ ಸ್ಥಳೀಯ ಆಡಳಿತ ಮಂಡಳಿಯಾದ 'ಕರ್ಕ್ ಸೆಷನ್' ಬಾಡಿಗೆಗೆ ಕೊಡುತ್ತಿತ್ತು. ಆ ಹಣ ಬಡವರ ನೆರವಿಗೆ ಬಳಕೆಯಾಗುತ್ತಿತ್ತು. ಗುಮಾಸ್ತ ಬರೆದಿಟ್ಟ ಈ ಜಮಾ ಲೆಕ್ಕವೇ ಇಂದು ಮರಣದ ಸಾಕ್ಷಿ. ಅದರಲ್ಲಿರುವ ದಿನಾಂಕ ಬಾಡಿಗೆ ಸಂದಾಯವಾದದ್ದೇ ಹೊರತು ಸಾವಿನದಲ್ಲ ಎಂಬುದನ್ನು ಮರೆಯಬಾರದು. ಬಾಡಿಗೆ ಕೊಡದವರ ಹೆಸರು ಈ ಲೆಕ್ಕಕ್ಕೆ ಬರುವಂತೆಯೇ ಇರಲಿಲ್ಲ. ಸಾಲದ್ದಕ್ಕೆ 1783ರಲ್ಲಿ ಸರ್ಕಾರ ಪ್ರತಿ ನಮೂದಿಗೂ ಮೂರು ಪೆನ್ಸ್ ಸುಂಕ ಹೇರಿತು. 1794ರಲ್ಲಿ ಅದು ರದ್ದಾಗುವವರೆಗೆ ಅನೇಕರು ದಾಖಲೆಯ ಗೊಡವೆಗೇ ಹೋಗಲಿಲ್ಲ.

ಹಾಗಾದರೆ ದಾರಿ ಯಾವುದು? 1855ರ ನಂತರದ ಮರಣ ದಾಖಲೆಯಿಂದ ಹಿಂದಕ್ಕೆ ಸಾಗುವುದೇ ಮೇಲು. ಅದರಲ್ಲಿ ಸಾಮಾನ್ಯವಾಗಿ ಮೃತರ ತಂದೆಯ ಹೆಸರು, ತಾಯಿಯ ತವರಿನ ಮನೆತನದ ಹೆಸರು ಎರಡೂ ಇರುತ್ತವೆ. 1860ರಲ್ಲಿ ಎಂಬತ್ತು ವರ್ಷಕ್ಕೆ ತೀರಿಕೊಂಡ ಅಜ್ಜಿಯೊಬ್ಬಳ ದಾಖಲೆ ನಮ್ಮನ್ನು 1780ರ ಆಸುಪಾಸಿನ ಮನೆಯೊಂದಕ್ಕೆ ಕರೆದೊಯ್ಯುತ್ತದೆ. ಸಮಾಧಿಕಲ್ಲುಗಳೂ ನೆರವಾಗುತ್ತವೆ. ಹೆಂಡತಿಯನ್ನು ತವರಿನ ಹೆಸರಿನಿಂದಲೇ ಕೆತ್ತಿಸುವ ವಾಡಿಕೆ ಅಲ್ಲಿ ಬಹುವಾಗಿತ್ತು.

ಒಂದು ಎಚ್ಚರಿಕೆ ಅಗತ್ಯ. ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ನಮ್ಮಂತೆ ಅಲ್ಲಿಯೂ ಇದ್ದುದರಿಂದ ಒಂದೇ ಊರಿನಲ್ಲಿ ಒಂದೇ ಹೆಸರಿನ ಹಲವರು ಸಿಗುತ್ತಾರೆ. ಹೆಸರು ಹೊಂದಿತೆಂದು ಸಂಬಂಧ ಕಟ್ಟುವಂತಿಲ್ಲ.

ಎಡಿನ್‌ಬರೋದಲ್ಲಿ ಕಾಪಿಟ್ಟಿರುವ ಈ ದಾಖಲೆಗಳ ಪ್ರತಿಗಳನ್ನು ಈಗ ಕಂಪ್ಯೂಟರಿನಲ್ಲೇ ನೋಡಬಹುದು. ಆದರೆ ಬಾಡಿಗೆ ತೆರಲಾಗದೆ ಮಣ್ಣಾದ ಬಡವನ ಹೆಸರನ್ನು ಯಾವ ಯಂತ್ರ ತಾನೇ ಹುಡುಕಿಕೊಟ್ಟೀತು?