ಯುಂಗ್ ಮತ್ತು ಮಿಂಚುಳ್ಳಿ ರೆಕ್ಕೆಯ ಮುದುಕ

ಆಫೀಸಿನ ಪರ್ಸನಾಲಿಟಿ ಟೆಸ್ಟ್ ನನ್ನನ್ನು ನಾಲ್ಕು ಅಕ್ಷರದಲ್ಲಿ ಮುಗಿಸಿಬಿಟ್ಟಿತು. ಅಮೆರಿಕದ ತಾಯಿ-ಮಗಳು ಸೇರಿ ಮಾಡಿದ ಈ ಟೆಸ್ಟಿನ ಬೇರು ಕಾರ್ಲ್ ಯುಂಗ್‌ನ 1921ರ ಪುಸ್ತಕದಲ್ಲಿದೆ. ಆ ಮನುಷ್ಯ ತನ್ನೊಳಗೆ ಕಂಡದ್ದೇ ಬೇರೆ.

1913ರಲ್ಲಿ ಫ್ರಾಯ್ಡ್ ಜೊತೆಗಿನ ನಂಟು ಮುರಿದುಬಿತ್ತು. ಹುಚ್ಚು ಹಿಡೀತಿದೆಯೇನೋ ಅನ್ನೋ ಭಯದಲ್ಲೇ ಯುಂಗ್ ಕಣ್ಣೆದುರು ಬಂದವರನ್ನೆಲ್ಲ ಮಾತಾಡಿಸಿ ಬರೆದಿಟ್ಟ. ಅವರಲ್ಲೊಬ್ಬ ಫಿಲೆಮೋನ್: ತಲೆಯ ಮೇಲೆ ಕೊಂಬು, ಮಿಂಚುಳ್ಳಿಯ ರೆಕ್ಕೆ, ಕೈಯಲ್ಲಿ ನಾಲ್ಕು ಬೀಗದ ಕೈ. ಯುಂಗ್ ತೋಟದಲ್ಲಿ ಅವನ ಜೊತೆ ಮಾತಾಡ್ತಾ ಓಡಾಡುತ್ತಿದ್ದ. ನಾನು ಹುಟ್ಟಿಸದ ಯೋಚನೆಗಳೂ ನನ್ನೊಳಗಿವೆ ಅಂತ ಅವನಿಗೆ ಹೊಳೆದದ್ದು ಈ ಮುದುಕನಿಂದ.

ಎಷ್ಟೋ ವರ್ಷದ ಮೇಲೆ ಗಾಂಧೀಜಿಯ ಸ್ನೇಹಿತರಾದ ಭಾರತೀಯ ಹಿರಿಯರೊಬ್ಬರು ಮನೆಗೆ ಬಂದರು. ನಿಮ್ಮ ಗುರು ಯಾರು ಅಂದರೆ, ಶಂಕರಾಚಾರ್ಯರು ಅಂದರಂತೆ. ಶತಮಾನಗಳ ಹಿಂದೆ ತೀರಿಕೊಂಡ ಭಾಷ್ಯಕಾರರೇ? ಹೌದು, ಅವರೇ. ಯುಂಗ್‌ಗೆ ತಟ್ಟನೆ ಫಿಲೆಮೋನ್ ನೆನಪಾದ. (ನಮ್ಮಲ್ಲಿ ಹೀಗಂದವರನ್ನು ಯಾರೂ ಡಾಕ್ಟರ ಹತ್ತಿರ ಕಳಿಸಲ್ಲ.) ಅಷ್ಟು ವರ್ಷ ಕಾಡಿದ್ದು ತನ್ನೊಬ್ಬನ ಕಥೆಯಲ್ಲ ಅಂತ ಸಮಾಧಾನವಾಯ್ತು.

ಆ ಮಾತುಕತೆಗಳ ಕೆಂಪು ಪುಸ್ತಕ ಅಚ್ಚಾದದ್ದು 2009ರಲ್ಲಿ, ಯುಂಗ್ ಸತ್ತು 48 ವರ್ಷದ ಮೇಲೆ. ಟೆಸ್ಟ್ ಅಷ್ಟರಲ್ಲಾಗಲೇ ಆಫೀಸುಗಳಿಗೆ ಬಂದಾಗಿತ್ತು.