ಮೈಸೂರಿನ ಹೆರಿಗೆ ದಫ್ತರಗಳೂ ಬಯಲುಸೀಮೆಯ ಹೃದ್ರೋಗವೂ

ಹೃದ್ರೋಗವು ಉಂಡುಟ್ಟು ಸುಖವಾಗಿರುವವರ ರೋಗವೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಪಟ್ಟಣದ ವಕೀಲರಿಗೂ ವರ್ತಕರಿಗೂ ಅದು ಬರತಕ್ಕದ್ದು, ಹೊಲದಲ್ಲಿ ದುಡಿದು ಮುದ್ದೆಯುಣ್ಣುವವರನ್ನು ಮುಟ್ಟದು ಎಂಬ ಮಾತನ್ನು ಯಾರು ಕೇಳಿಲ್ಲ? ಹಿರಿಯೂರು ತಾಲ್ಲೂಕಿನ ಐಮಂಗಲದಂಥ ಒಣಭೂಮಿಯ ಹೋಬಳಿಯಲ್ಲಿ ಈ ಮಾತು ಸುಲಭವಾಗಿ ಒಪ್ಪಿಗೆಯಾಗತಕ್ಕದ್ದೇ. ಆದರೆ ಇದಕ್ಕೆ ಪ್ರತಿಕೂಲವಾದ ಸಾಕ್ಷ್ಯವೊಂದು ಮೈಸೂರು ನಗರದ ಆಸ್ಪತ್ರೆಯ ಹಳೆಯ ದಫ್ತರಗಳಲ್ಲಿ ಸುಮಾರು ಅರ್ಧ ಶತಮಾನ ಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಆ ದಫ್ತರಗಳ ಇತಿಹಾಸವನ್ನು ಬಯಲುಸೀಮೆಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೈಸೂರಿಗರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಸ್ತ್ರೀಯರ ಮತ್ತು ಮಕ್ಕಳ ಚಿಕಿತ್ಸೆಗಾಗಿ ಆರಂಭವಾಯಿತು. 1934ರಿಂದ ಮುಂದಕ್ಕೆ ಅಲ್ಲಿ ನಡೆದ ಹೆರಿಗೆಗಳ ವಿವರಗಳು ಕ್ರಮವಾಗಿ ಉಳಿದುಬಂದಿವೆ. ಗರ್ಭಿಣಿಯಾಗಿದ್ದಾಗ ತಾಯಿಯ ತೂಕ, ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಇವೆಲ್ಲ ಅಲ್ಲಿ ದಾಖಲಾಗಿವೆ. ಬರೆದವರಿಗೆ ಅದು ದಿನನಿತ್ಯದ ಕೆಲಸ. ಅಂದಿನ ಬಾಣಂತಿಯನ್ನೂ ಶಿಶುವನ್ನೂ ಕಾಪಾಡುವುದರ ಹೊರತು ಬೇರೆ ಗುರಿ ಅವರಿಗಿದ್ದಂತೆ ತೋರುವುದಿಲ್ಲ. ಇತಿಹಾಸಕ್ಕೆ ಒದಗುವ ಅತ್ಯುತ್ತಮ ಆಧಾರಗಳು ಅನೇಕವೇಳೆ ಹೀಗೆಯೇ, ಇತಿಹಾಸದ ಗೊಡವೆಯಿಲ್ಲದವರ ಕೈಯಿಂದ ಬಂದಿರುತ್ತವೆ.

ಇದಕ್ಕೆ ಸದೃಶವಾದ ಘಟನೆ ಇಂಗ್ಲೆಂಡಿನಲ್ಲಿ ಮೊದಲೇ ನಡೆದಿತ್ತು. ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ 1911ರಿಂದ ದಾದಿಯರು ಬರೆದಿಟ್ಟ ಶಿಶುಗಳ ತೂಕದ ಪಟ್ಟಿಗಳನ್ನು ಡೇವಿಡ್ ಬಾರ್ಕರ್ ಎಂಬ ವೈದ್ಯವಿದ್ವಾಂಸರು ಪರಿಶೋಧಿಸಿದರು. ಹುಟ್ಟುವಾಗಲೂ ಮೊದಲ ವರ್ಷದಲ್ಲೂ ಕಡಿಮೆ ತೂಕವಿದ್ದ ಗಂಡಸರು ಮುಂದೆ ಹೃದ್ರೋಗದಿಂದ ಹೆಚ್ಚಾಗಿ ಸತ್ತರೆಂದು 1989ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದರು. ಸುಭಿಕ್ಷವಾದ ದೇಶದಲ್ಲಿಯೇ ಹೀಗಾದರೆ, ಕೃಶರಾದ ತಾಯಂದಿರೇ ಬಹುಮಂದಿಯಿರುವ ನಾಡಿನಲ್ಲಿ ಹೇಗೆ? ಈ ಪ್ರಶ್ನೆ ಅವರ ತಂಡವನ್ನು ಮೈಸೂರಿಗೆ ಕರೆತಂದಿತು. 1934ರಿಂದ 1954ರ ವರೆಗೆ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿ, ಆಮೇಲೂ ಅದರ ಆಸುಪಾಸಿನಲ್ಲಿಯೇ ನೆಲಸಿದ್ದ 517 ಮಂದಿಯನ್ನು ಗುರುತಿಸಿ ಪರೀಕ್ಷಿಸಲಾಯಿತು. ಫಲಿತಾಂಶವು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೆಳಕು ಕಂಡಿತು.

ಹುಟ್ಟುವಾಗ ಐದೂವರೆ ಪೌಂಡು, ಎಂದರೆ ಎರಡೂವರೆ ಕಿಲೋ, ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಏಳು ಪೌಂಡು ಮತ್ತು ಅದಕ್ಕೆ ಮೀರಿ ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಕೂಸಿನ ತೂಕವೂ ಕಡಿಮೆಯಾಗಿದ್ದು, ಗರ್ಭಕಾಲದಲ್ಲಿ ತಾಯಿಯ ತೂಕವೂ ನೂರು ಪೌಂಡಿಗೆ ಕಡಿಮೆಯಿದ್ದಲ್ಲಿ ಈ ಪ್ರಮಾಣ ನೂರಕ್ಕೆ 20ಕ್ಕೆ ಏರಿತ್ತು. ಧೂಮಪಾನ, ರಕ್ತದ ಒತ್ತಡ ಮೊದಲಾದ ತಿಳಿದ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಈ ಸಂಬಂಧ ಬಹುಮಟ್ಟಿಗೆ ನಿಂತಿತು. ಸುಖದ ರೋಗವೆನಿಸಿಕೊಂಡುದರ ಒಂದು ಬೇರು ಕೊರತೆಯ ನೆಲದಲ್ಲಿದೆಯೆಂಬುದಕ್ಕೆ ಕನ್ನಡ ನಾಡಿನಿಂದ ಇಷ್ಟು ಸ್ಪಷ್ಟವಾದ ಪುರಾವೆ ಮತ್ತೊಂದನ್ನು ನಾವು ಕಂಡಿಲ್ಲ.

ಆದರೂ ಈ ಆಧಾರವನ್ನು ಎಚ್ಚರಿಕೆಯಿಂದ ಓದಬೇಕು. 517 ಎಂಬುದು ದೊಡ್ಡ ಸಂಖ್ಯೆಯಲ್ಲ. ಎಳವೆಯಲ್ಲಿಯೇ ತೀರಿಕೊಂಡವರೂ ಊರು ಬಿಟ್ಟು ಹೋದವರೂ ಈ ಲೆಕ್ಕದಲ್ಲಿಲ್ಲ. ಹೆರಿಗೆಯೆಂದರೆ ಮನೆ ಮತ್ತು ಸೂಲಗಿತ್ತಿ ಎಂದಿದ್ದ ಕಾಲದಲ್ಲಿ ಆಸ್ಪತ್ರೆಗೆ ಬಂದವರು ಇಡೀ ಸಂಸ್ಥಾನದ ಪ್ರತಿನಿಧಿಗಳೂ ಅಲ್ಲ. ಇದಲ್ಲದೆ, ಅದೇ ದಫ್ತರಗಳು 1998ರಲ್ಲಿ ಇನ್ನೊಂದು ಸಂಗತಿಯನ್ನು ಹೊರಗೆಡಹಿದವು: ಮಧುಮೇಹವು ಮೈತೂಕ ಹೆಚ್ಚಿದ್ದ ತಾಯಂದಿರ, ಉದ್ದ ಕಡಿಮೆಯಾಗಿ ಮೈದುಂಬಿ ಹುಟ್ಟಿದ ಮಕ್ಕಳಲ್ಲಿ ಅಧಿಕವಾಗಿತ್ತು. ಮಧುಮೇಹವು ಹೃದ್ರೋಗಕ್ಕೆ ಹಾದಿಯೆಂಬುದು ತಿಳಿದ ವಿಷಯ. ಆದುದರಿಂದ ತಾಯಿಗೆ ಹೆಚ್ಚು ಉಣಿಸಿದರೆ ಎಲ್ಲವೂ ಸರಿಹೋಗುವುದೆಂಬ ಸುಲಭ ಸಿದ್ಧಾಂತಕ್ಕೆ ಇಲ್ಲಿ ಎಡೆಯಿಲ್ಲ.

ಇಷ್ಟು ಮಿತಿಗಳ ನಡುವೆಯೂ ಬಯಲುಸೀಮೆಯವರು ಈ ವಿಷಯವನ್ನು ತಮ್ಮದೆಂದು ಭಾವಿಸಲು ಕಾರಣವುಂಟು. 1876–78ರ ಕ್ಷಾಮದ ತರುವಾಯ ಮೈಸೂರು ಸಂಸ್ಥಾನದ ಜನಸಂಖ್ಯೆಯು ಸುಮಾರು 50 ಲಕ್ಷದಿಂದ 42 ಲಕ್ಷಕ್ಕೆ ಇಳಿದುದನ್ನು 1871 ಮತ್ತು 1881ರ ಜನಗಣತಿಗಳು ತೋರಿಸುತ್ತವೆ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿ ಮುಗಿಸಿದ್ದು 1907ರಲ್ಲಿ. ಕಾಲುವೆ ಮುಟ್ಟದ ಹೊಲಗಳು ಆಮೇಲೂ ಮಳೆಯನ್ನೇ ನೆಚ್ಚಿದವು. ಅಂಥ ಹೊಲಗಳ ತಾಯಂದಿರ ತೂಕವನ್ನು ಬರೆದಿಟ್ಟ ದಫ್ತರಗಳು ಮೈಸೂರಿನಂತೆ ನಮ್ಮ ಕೈಗೆ ಬಂದಿಲ್ಲ. ಕ್ಷಾಮದಿಂದ ನೇರವಾಗಿ ಹೃದ್ರೋಗಕ್ಕೆ ಗೆರೆಯೆಳೆಯುವ ಸಾಹಸವನ್ನು ನಾವು ಮಾಡುವುದಿಲ್ಲ.

ಸರ್ಕಾರದ ಯತ್ನಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಬೆಂಗಳೂರಿನ ಹೃದ್ರೋಗ ಸಂಸ್ಥೆಯು ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳ ಹೆಸರನ್ನು ಹೊತ್ತಿದೆ. ಈ ಜಿಲ್ಲೆಗೂ ಹೃದಯಚಿಕಿತ್ಸೆಗೂ ಇರುವ ನಂಟು ಅಲ್ಲಿಂದಲೇ ತಿಳಿಯುತ್ತದೆ. ಮಧುಮೇಹ ಹೃದ್ರೋಗಗಳನ್ನು ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮದ ಪ್ರಯೋಗಕ್ಕೆ 2008ರಲ್ಲಿ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆ ಶಿವಮೊಗ್ಗ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದ ಬಳಿಕ, ಅವರ ಹೆಸರಿನ ಹೃದಯಜ್ಯೋತಿ ಯೋಜನೆ 2023ರಲ್ಲಿ ಬಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು, ರಕ್ತದ ಗರಣೆಯನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. ಹೆದ್ದಾರಿಯಲ್ಲಿ ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಇರುವ ಐಮಂಗಲದ ರೋಗಿಗೆ ಇಂಥ ಏರ್ಪಾಡಿನ ಬೆಲೆ ನಿಮಿಷಗಳಲ್ಲಿ ತಿಳಿಯುತ್ತದೆ.

ಆದರೆ ಮೈಸೂರಿನ ದಫ್ತರಗಳನ್ನು ಒಪ್ಪುವವರು, ಹೃದ್ರೋಗ ನಿವಾರಣೆಯ ಇತಿಹಾಸದಲ್ಲಿ ಯಾರೂ ಎಣಿಸದ ಇನ್ನೊಂದು ದಿನಾಂಕವನ್ನು ಸೇರಿಸಬೇಕೆಂದು ನಮ್ಮ ಅಭಿಪ್ರಾಯ. ಅದು 2017ರ ಅಕ್ಟೋಬರ್ 2. ಅಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಬಡಿಸುವ ಪದ್ಧತಿ ಬಂದಿತು. ಅದನ್ನು ಹೃದಯದ ಯೋಜನೆಯೆಂದು ಯಾರೂ ಕರೆಯಲಿಲ್ಲ. ಅಂದು ಗರ್ಭದಲ್ಲಿದ್ದ ಮಕ್ಕಳು ನಲವತ್ತೈದರ ವಯಸ್ಸನ್ನು ದಾಟುವುದು 2060ರ ದಶಕದಲ್ಲಿ; ಅಲ್ಲಿಯವರೆಗೆ ಊಟದ ಫಲವನ್ನು ಈ ದೃಷ್ಟಿಯಿಂದ ಅಳೆಯುವಂತಿಲ್ಲ. ಆಗ ಅಳೆಯಬೇಕಾದರೆ ತಾಯಿ ಕಾರ್ಡಿನ ತೂಕಗಳೂ ಅಂಗನವಾಡಿಯ ಪುಸ್ತಕಗಳೂ ಉಳಿದಿರಬೇಕು. ತಾಯಿ ಕಾರ್ಡು ಬಾಣಂತಿಯ ಜೊತೆ ಮನೆಗೆ ಹೋಗುತ್ತದೆ. ತವರಿನ ಪೆಟ್ಟಿಗೆಯಲ್ಲೋ ಮಾಡಿನ ಸಂದಿಯಲ್ಲೋ ಸೇರುತ್ತದೆ. ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ತಾಮ್ರಪಟಗಳನ್ನೂ ಕಡತಗಳನ್ನೂ ಹುಡುಕುವಾಗ, ಮನೆಯವರ ಒಪ್ಪಿಗೆ ಪಡೆದು, ಐಮಂಗಲ ಹೋಬಳಿಯ ಕೆಲವು ಹಳ್ಳಿಗಳಲ್ಲಿ ಈ ಕಾರ್ಡುಗಳ ಪ್ರತಿಗಳನ್ನೂ ಸಂಗ್ರಹಿಸತೊಡಗಬಹುದು.